ಫರೀದಾ ಮೇಡಂ ಹತ್ತಿದ ಮೂರನೇ ಮಹಡಿ

ಫರೀದಾ ಮೇಡಂ ಅವರ ಯಜಮಾನರಾದ ಮುಜಫ್ಫರ್ ಸಾಹೇಬರೇ, ಮಗಳು ನೂರೀನ್, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಮಕ್ಕಳೇ — ಎಲ್ಲರಿಗೂ ನಮಸ್ಕಾರ. ನಾನು ಅಶ್ವತ್ಥ್, ಗಣಿತದ ಮೇಷ್ಟ್ರು. ಇಪ್ಪತ್ತೆರಡು ವರ್ಷ ಗಂಗಾನಗರದ ಈ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ಮೇಡಂ ಹೋದ ಸೋಮವಾರ ತೀರಿಕೊಂಡರು. ಅವರ ಗುಣ ಹೇಳುವುದಕ್ಕೆ ಇಲ್ಲಿ ತುಂಬ ಜನ ಇದ್ದೀರಿ. ನಾನು ನನ್ನ ಒಂದು ತಪ್ಪು ಹೇಳಿಕೊಳ್ಳಬೇಕು. ಅದಕ್ಕೇ ಮೈಕ್ ಕೇಳಿದ್ದು.

ಇಲ್ಲಿ ಟೈಮ್ ಟೇಬಲ್ ಹಾಕುವವನು ನಾನು. ಜೂನ್‌ನಲ್ಲಿ ಮೇಡಂ ಬಂದು, "ಸರ್, ಮೂರನೇ ಫ್ಲೋರ್ ಹತ್ತಕ್ಕಾಗ್ತಿಲ್ಲ. ಕೆಳಗಡೆ ರೂಮ್ ಕೊಡ್ತೀರಾ?" ಅಂದರು. ನಾನು ತಲೆ ಎತ್ತಲಿಲ್ಲ. "ಎಲ್ರೂ ಹತ್ತುತ್ತಾರೆ ಮೇಡಂ. ಡಾಕ್ಟ್ರ ಚೀಟಿ ಇದ್ರೆ ತನ್ನಿ" ಅಂದೆ. "ಇರ್ಲಿ ಬಿಡಿ ಸರ್" ಅಂದರು — ಹತ್ತಿದರು.

ಒಂದು ದಿನ ಮೇಡಂ ಕ್ಲಾಸಿನ ಮುಂದೆ ಕಾರಿಡಾರ್‌ನಲ್ಲಿ ಹೋಗುತ್ತಾ ನೋಡುತ್ತೇನೆ — ಫ್ಯಾನ್ ಆಫ್, ಮೇಡಂ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಾರೆ. ಮೇಜಿನ ಮೇಲೆ ಮುಚ್ಚಳ ತೆಗೆದ ಪುಟ್ಟ ಅತ್ತರಿನ ಸೀಸೆ. ವಾಸನೆ ಬಂದ ಹಾಗೆ ಮಕ್ಕಳು ಒಂದೊಂದೇ ಬೆಂಚಿನಿಂದ ಕೈ ಎತ್ತುತ್ತಿದ್ದಾರೆ — ಹೀಗೆ. ಕೊನೆಯ ಬೆಂಚಿಗೆ ತಲುಪಲು ಹತ್ತು ನಿಮಿಷ. ಆಮೇಲೆ ಮೇಡಂ ಹೇಳಿದರು: "ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ತಾನಾಗೇ ಹರಡತ್ತೆ. ಯಾರೂ ತಳ್ಳಬೇಕಾಗಿಲ್ಲ. ನಿಮ್ಮ ಒಂದೊಂದು ಜೀವಕೋಶಕ್ಕೂ ಆಕ್ಸಿಜನ್ ಹೋಗೋದು ಹಿಂಗೇ ಕಣ್ರೋ." ನಾನೋ — ಸ್ಟಾಫ್ ರೂಮಿಗೆ ಬಂದು, ಮೇಡಂ ಟೈಮ್ ಪಾಸ್ ಮಾಡ್ತಾರೆ ಅಂತ ಆಡಿಕೊಂಡೆ.

ಡಿಸೆಂಬರ್‌ನಲ್ಲಿ ಹೆಬ್ಬಾಳದ ಆಸ್ಪತ್ರೆಗೆ ನೋಡಲು ಹೋದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಹಾಗಿದ್ದೂ ನನಗೆ ಪಾಠ ಮಾಡಿದರು. ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಈರುಳ್ಳಿ ಪೊರೆಗಿಂತ ತೆಳುವಾದ ಪೊರೆ ಇರುತ್ತದಂತೆ. ಆಕ್ಸಿಜನ್ ಅದನ್ನು ತಾನಾಗಿಯೇ ದಾಟಬೇಕು. "ನಂದು ದಪ್ಪ ಆಗ್ಬಿಟ್ಟಿದೆ ಸರ್. ಗಾಳಿ ಬೇಕಾದಷ್ಟಿದೆ, ದಾಟ್ತಾ ಇಲ್ಲ." ಸ್ವಲ್ಪ ಸುಧಾರಿಸಿಕೊಂಡು — ನಕ್ಕರು. "ಆ ಅತ್ತರಿನ ಪಾಠ ಇತ್ತಲ್ಲ ಸರ್, ಐದು ಸೆಕ್ಷನ್‌ಗೂ ಎರಡೆರಡು ಸಲ ಮಾಡ್ದೆ. ಅಷ್ಟು ಹೊತ್ತಾದ್ರೂ ಕೂತ್ಕೋಬಹುದಲ್ಲ ಅಂತ."

ನನ್ನನ್ನು ಒಂದು ಮಾತೂ ದೂರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೆನ್ಸಿಲ್‌ನಲ್ಲಿ ಹಾಕಿದ್ದ ಟೈಮ್ ಟೇಬಲ್ ಅದು. ನಾಲ್ಕು ಚೌಕ ಅಳಿಸಿ ಬರೆದಿದ್ದರೆ ಆಗುತ್ತಿತ್ತು — ಅಷ್ಟೇ. ಅಷ್ಟೂ ಮಾಡಲಿಲ್ಲ. ನೂರೀನ್, ಆವತ್ತು ಆಸ್ಪತ್ರೆಯಲ್ಲಿ ನಿಮ್ಮಮ್ಮನ ಹತ್ರ ಕ್ಷಮೆ ಕೇಳೋಕೆ ಬಾಯೇ ಬರಲಿಲ್ಲಮ್ಮ. ಈಗ ನಿನ್ನ ಹತ್ರ ಕೇಳ್ತಿದ್ದೀನಿ.

ಮೇಡಂ ಅವರಿಗಾಗಿ ಎಲ್ಲರೂ ಎದ್ದು, ಒಂದಿಷ್ಟು ಹೊತ್ತು ಮೌನವಾಗಿ ನಿಲ್ಲೋಣ. ನಿಲ್ಲೋಕೆ ಆಗದವರು — ದಯವಿಟ್ಟು ಕೂತೇ ಇರಿ. ಯಾಕೆ ಅಂತ ಕೇಳಲ್ಲ.