ಜ್ವರಕ್ಕೆ ಕೂತ ಹುಳ

ಬುದ್ಧಿ ಹೇಳಿ ಹೇಳಿಯೇ ಮೇಷ್ಟರಿಕೆ ಮುಗಿಸಿದ್ದ ಪುಟ್ಟಸ್ವಾಮಯ್ಯನವರು, ಕೆಂಚಾರ್ಲಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತಿಗೆ ಕಿವಿಗೊಟ್ಟು ಕೂತಿದ್ದರು.

“ಇವತ್ತು ಶಿರೀಷಾಳ ಓಟದ ಪಂದ್ಯ ಅಲ್ವೇನಕ್ಕ? ಮಗಳಿಗೊಂದು ಫೋನ್ ಮಾಡು.”

“ಕೋಚ್ ಬೇಡ ಅಂದವ್ರೆ ಕಣೇ ಮಾಲಾ. ಹೋದ್ಸಲ ನಾನು ಫೋನಲ್ಲಿ ಹಂಗೋಡು ಹಿಂಗೋಡು ಅಂತ ಕೊರೆದು, ಮಗು ಗಾಬರಿಯಾಗಿ ಶಿಳ್ಳೆಗೆ ಮುಂಚೇನೇ ಓಡಿಬಿಡ್ತು.”

“ಕೋಚ್ ಬೈದ್ರಾ?”

“ಇಲ್ಲಮ್ಮ. ಮನೆಗೇ ಬಂದು ರೇಷ್ಮೆ ಹುಳದ ತಟ್ಟೆ ನೋಡ್ತಾ, ‘ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ?’ ಅಂದ್ರು. ಅಯ್ಯೋ, ಆಗ ಮೇವು ಬಿಟ್ಟು ಸುಮ್ನೆ ಕೂತಿರ್ತದೆ, ಮುಟ್ಟೋ ಹಂಗೇ ಇಲ್ಲ, ಅದರ ಪಾಡಿಗೆ ಅದು ಪೊರೆ ಬಿಡ್ಬೇಕು ಅಂದೆ. ‘ಓಟದ ದಿನ ನಿಮ್ಮ ಮಗಳೂ ಹಂಗೇ’ ಅಂದ್ರು.”

“ಎಂಥಾ ಮಾತು ಅಂದವ್ರೆ!”

ಸ್ಟಾಪು ಬಂತು. ಇಬ್ಬರೂ ಇಳಿಯುತ್ತಿರುವಾಗ ಆ ತಾಯಿ ತನ್ನ ಫೋನನ್ನು ಮಾಲಾಳ ಕೈಗೆ ತುರುಕಿದಳು.

“ಓಟ ಮುಗಿಯೋಗಂಟ ನಾನು ಕೇಳಿದ್ರೂ ಕೊಡ್ಬೇಡ ಕಣೇ.”