ಗಿಟಾರಿನ ಮೇಲೆ ಗದ್ದ

...ಥೂ, ಥೂ, ಥೂ! ಇದನ್ನ ಗಿಟಾರ್ ಅಂತಾರೇನೇ? ಎಂಜಲು ತಟ್ಟೆ ಅಂತಾರೆ! ನೋಡಿಲ್ಲಿ, ತಂತಿ ಕೆಳಗೆ ಬಿಸ್ಕತ್ತಿನ ಪುಡಿ. ಇದೇನು ಜಿಡ್ಡು... ಬೆವರು, ತಲೆಗೆ ಹಚ್ಕೊಳ್ಳೋ ಎಣ್ಣೆ, ಇನ್ನೂ ಏನೇನೋ. ಉಗುರಲ್ಲಿ ಕೆರೆದ್ರೆ ಸುರುಳಿ ಸುರುಳಿಯಾಗಿ ಬರುತ್ತೆ. ವಾಕರಿಕೆ ಬರುತ್ತೆ ಕಣೇ ನಂಗೆ! ಮೊನ್ನೆ ತಾನೆ ಒರೆಸಿ, ಹೊಸ ತಂತಿ ಹಾಕಿ, ಮಗಳ ಗಿಟಾರು ಅಂತ ಮುತುವರ್ಜಿಯಿಂದ ಕೊಟ್ಟಿದ್ದೆ. ನೀನು ಅದನ್ನ ನಿಮ್ಮ ಬ್ಯಾಂಡಿನ ಆ ಜೋಲುಮೋರೆಯವನ ಕೈಗೆ ಕೊಟ್ಟಿದ್ದೆ ತಾನೆ? ತಲೆ ತಗ್ಗಿಸ್ಬೇಡ. ಗೊತ್ತಾಯ್ತು.

ಏನಂದೆ? ಆ ಕಡೆ ತಿರುಗಿ ಗೊಣಗ್ಬೇಡ, ಈ ಕಡೆ ನೋಡಿ ಹೇಳು... ಹಾಂ. ತಂತಿ ಇನ್ನೂ ಝರ್ ಅಂತಿದೆಯಾ? ನಿನ್ನೆ ಪ್ರಾಕ್ಟೀಸಲ್ಲಿ ಎಲ್ರೂ ನಿಲ್ಲಿಸಿ ನಿನ್ನನ್ನೇ ನೋಡಿದ್ರಾ? ನೋಡ್ಲಿ ಬಿಡು! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅಲ್ಲ, ನಿಂಗಲ್ಲ ಕಣೇ ಹೇಳಿದ್ದು... ಮುಖ ಊದಿಸ್ಕೋಬೇಡ. ನಾಳೆ ರೆಕಾರ್ಡಿಂಗ್ ಇಟ್ಕೊಂಡು ಅಪ್ಪ-ಮಗಳು ಜಗಳ ಆಡೋದು ಬೇಡ. ನಿನ್ನ ಮೊದಲನೇ ರೆಕಾರ್ಡಿಂಗ್! ನನ್ನ ರಿಪೇರಿ ಬೆಂಚಿಂದ ಇದು ಝರ್ ಅಂದ್ಕೊಂಡೇ ಎದ್ದುಹೋದ್ರೆ, ನಾನು ಅಂಗಡಿ ಬಾಗಿಲು ಎಳ್ಕೊಂಡು ಮನೇಲಿ ಕೂರಬೇಕು, ಅಷ್ಟೇ.

ಬಾ, ಬಗ್ಗಿ ನೋಡು. ಮೊದಲನೇ ಫ್ರೆಟ್ ಪಟ್ಟಿ ಹತ್ರ ಒಂದು ಬೆರಳು, ಕೊನೇದರ ಹತ್ರ ಒಂದು ಬೆರಳು ಒತ್ತಿದೀನಿ. ಮಧ್ಯದಲ್ಲಿ ತಂತಿ ಕೆಳಗೆ ಬೆಳಕು ಕಾಣ್ಬೇಕು, ಕೂದಲೆಳೆಯಷ್ಟು. ಕಾಣುತ್ತಾ? ಇಲ್ಲ! ಆ ಜೋಲುಮೋರೆ ತೆಳು ತಂತಿ ಹಾಕ್ಸು ಅಂದ, ನೀನೂ ಹೂಂ ಅಂದೆ. ಎಳೆತ ಕಮ್ಮಿ ಆಯ್ತು, ಗಿಟಾರಿನ ಕತ್ತು ಹಿಂದಕ್ಕೆ ಸೆಟೆದುಕೊಳ್ತು, ನಿಮ್ಮಮ್ಮನ ಕಡೆಯೋರ ಥರ. ಯಾಕೆ ನಗ್ತೀಯಾ? ಸುಳ್ಳಾ? ಈಗ ತಂತಿ ಅದುರಿದಾಗೆಲ್ಲ ಫ್ರೆಟ್‌ಗೆ ಬಡಿಯುತ್ತೆ. ಕತ್ತಿನ ಒಳಗಿರೋ ಕಂಬೀನ ಸ್ವಲ್ಪ ಸಡಿಲ ಮಾಡಿದ್ರೆ... ಕೀ ಕೊಡು. ಅದಲ್ಲ, ಚಿಕ್ಕದು. ಛೀ, ಇದಕ್ಕೂ ಮೆತ್ಕೊಳ್ತು ಜಿಡ್ಡು! ...ಹೀಗೆ. ಇಷ್ಟೇ. ಜಾಸ್ತಿ ತಿರುಗಿಸಿದ್ರೆ ಕತೆ ಮುಗೀತು.

ತಡಿ, ಈಗ ನೋಡ್ತೀನಿ... ಏನು? ಹೌದು, ಗಿಟಾರಿನ ಮೇಲೆ ಗದ್ದ ಇಡ್ತೀನಿ. ಅದಕ್ಯಾಕೆ ಹಾಗೆ ಮುಖ ಮಾಡ್ತೀಯಾ? ಅದುರೋದು ನೇರ ಹಲ್ಲಿಗೇ ಬರುತ್ತೆ. ಮೊದಲು ಹೀಗೆ ಮಾಡ್ತಿರ್ಲಿಲ್ವಾ? ಮಾಡ್ತಿದ್ದೆ, ನೀನು ನೋಡಿಲ್ಲ. ಅಲ್ಲದೆ ಕಸುಬು ಅಂದ್ಮೇಲೆ ಹೊಸದು ಕಲೀತಾನೇ ಇರ್ಬೇಕು... ಹಾಂ, ಇದು ಸರಿ. ಇದೂ... ಪರವಾಗಿಲ್ಲ. ಥೂ, ಮೂತಿಗೆಲ್ಲ ಅವನ ಬೆವರು!

ಏನು ತೋರಿಸ್ತಿದೀಯ? ಬಾಗಿಲಾ? ಬೆಲ್ ಆಯ್ತಾ? ...ಆಗಲೇ ಕೇಳಿಸ್ತು ಕಣೇ, ಬೇಕಂತಲೇ ಏಳ್ಲಿಲ್ಲ. ನನ್ನ ಗಿರಾಕಿ, ಆ ಉದ್ದ ಕೂದಲಿನ ಮಹಾಶಯನೇ ಇರ್ತಾನೆ. ಇನ್ನೂ ಸದ್ದು ಬರುತ್ತೆ ಅಂತ ಗಿಟಾರ್ ಮತ್ತೆ ಹೊತ್ಕೊಂಡು ಬಂದಿರ್ತಾನೆ. ಕಿವಿ ತುಂಬ ಗುಗ್ಗೆ ಇಟ್ಕೊಂಡು ನಂಗೆ ಪಾಠ ಹೇಳೋಕೆ ಬರ್ತಾನೆ! ನೋಡು ಈ ಗೋಡೇನ, ನೇತಾಡ್ತಿರೋವೆಲ್ಲ ಅಂಥೋರದ್ದೇ. ವಾಪಸ್, ವಾಪಸ್, ವಾಪಸ್! ನುಡಿಸಕ್ಕೆ ಬರಲ್ಲ, ಕೇಳಕ್ಕೆ ಬರಲ್ಲ, ದೂರು ಹೇಳಕ್ಕೆ ಮಾತ್ರ ಬಾಯಿ ಇಷ್ಟಗಲ... ಅಸಹ್ಯ. ಇದೇ ಜನ ತಾನೆ, ನಿಮ್ಮ ಕಿವಿ ಇರೋವಾಗ ಶ್ರುತಿ ನೋಡೋಕೆ ಟ್ಯೂನರ್ ಯಾಕೆ ಸಾರ್ ಅಂತಿದ್ದೋರು? ಹೇಸಿಗೆ ಹುಟ್ಟಿದೆ ನಂಗೆ ಈ ಜನರ ಮೇಲೆ, ಈ ಜಿಡ್ಡಿನ ಮೇಲೆ, ಎಲ್ಲದರ ಮೇಲೆ.

ಏಯ್, ಕಿತ್ಕೋಬೇಡ! ...ನೀನೇ ನುಡಿಸ್ತೀಯಾ? ನಾನು ಮುಟ್ಟಬಾರ್ದಾ? ಅಲ್ಲಿ ದೂರ ಕೂತು ಕೇಳ್ಬೇಕಾ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಲ್ಲ. ಅಪ್ಪ ಸರಿಮಾಡಿದ್ರೂ ಪರೀಕ್ಷೆ ಬೇಕು ನಿಂಗೆ. ಆಯ್ತು, ನುಡಿಸಮ್ಮಾ. ಸ್ಟೂಲ್ ಮೇಲೆ ಕೂತ್ಕೋ. ಒಂದೊಂದೇ ತಂತಿ, ನಿಧಾನ.

ಹಾಂ... ದಪ್ಪ ತಂತಿ. ಚೆನ್ನಾಗಿದೆ. ಅದರ ಮುಂದಿನದು... ಆಹಾ! ನೋಡಿದ್ಯಾ? ಎಲ್ಲಿ ಹೋಯ್ತು ನಿನ್ನ ಝರ್? ಇದೂ ಸರಿ. ಅದೂ ಸರಿ. ಅಗೋ, ಕೊನೇದು ಎಷ್ಟು ತಿಳಿಯಾಗಿದೆ, ಬಾವಿ ನೀರಿನ ಹಾಗೆ! ಈಗ ತಿರುಗಿ ನೋಡ್ಲಿ ಯಾವನಾದ್ರೂ ನಿನ್ನ, ನಾನಿದೀನಿ...

ಯಾಕೆ, ಯಾಕೆ ನಿಲ್ಲಿಸ್ದೆ? ಹಾಗ್ಯಾಕೆ ನೋಡ್ತೀಯಾ ನನ್ನ? ಚೆನ್ನಾಗೇ ಬರ್ತಿತ್ತಲ್ಲ... ಬೆರಳು ಯಾಕೆ ಎತ್ತಿ ತೋರಿಸ್ತಿದೀಯಾ? ತಂತಿ... ತಂತಿ ಮುಟ್ಟಲೇ ಇಲ್ವಾ?

ಗಾಳೀಲಿ ಆಡಿಸಿದ್ಯಾ? ಅಷ್ಟೂ ಹೊತ್ತು, ಬರೀ ಗಾಳೀಲಿ?

ಥೂ! ಅಪ್ಪನ ಜೊತೆ ಆಡೋ ಆಟವೇನೇ ಇದು? ನಾಚಿಕೆ ಆಗಲ್ವಾ? ನಂಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಸುಮ್ಮನೆ... ಅಲ್ಲ, ನೀನು ಮೆತ್ತಗೆ ನುಡಿಸ್ತಿದೀಯ ಅಂತ... ಅಳಬೇಡ. ಅಳೋಂಥದ್ದು ಏನಾಯ್ತು ಈಗ? ಈ ಕಿವಿ ವಿಷಯ ನಿಮ್ಮಮ್ಮಂಗೂ ಗೊತ್ತಾ? ...ಏನಾದ್ರೂ ಅನ್ನೇ. ಬೇಕಾದ್ರೆ ಬೈಯಿ. ಹಾಗೆ ಬಾಯಿ ಬಿಗಿಹಿಡ್ಕೊಂಡು ಕೂರಬೇಡ ಮಗಳೇ... ತುಟಿಯಾದ್ರೂ ಅಲ್ಲಾಡಿಸು.