ಅವ್ವನ ಗರಿ

ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಕೆರೆಹಕ್ಕಿ ಜನದ ಮುದುಕನೊಬ್ಬ ಮಗಳ ಜೊತೆ ಕೂತಿದ್ದ. ಇಬ್ಬರೂ ರೆಕ್ಕೆಗಳನ್ನು ಶಾಲಿನೊಳಗೆ ಮಡಚಿಕೊಂಡಿದ್ದರು. ಮುದುಕನ ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು.

"ನಿಮ್ಮವ್ವನ ಗರಿ ಕೆರೆಗೆ ಬಿಟ್ಯಾ?"

"ಬೆಳಿಗ್ಗೇನೇ ಬಿಟ್ಟೆ, ಅಪ್ಪ."

"ತೇಲ್ತಾ? ಸತ್ತೋರ ಗರಿ ತೇಲಿದ ಕಡೆಗೇ ತಾನೇ ನಾವು ಗೂಡು ಕಟ್ಟೋದು. ಅದು ನಿಂತಲ್ಲೇ ನಿಂತ್ರೆ ಊರು ಬಿಡಂಗಿಲ್ಲ."

"ತೇಲ್ತು. ಪಡುವಣಕ್ಕೆ ಹೋಯ್ತು, ಮದ್ದೂರಲ್ಲಿರೋ ಅಕ್ಕನ ಮನೆ ಕಡೆ."

"ನೀರೆಷ್ಟಿತ್ತು?"

"ನಿನ್ನ ಮೊಣಕಾಲುದ್ದ ಇತ್ತು."

"ಮತ್ತೆ ದಿನಾ ಲಾರಿ ಬಂದು ಮಣ್ಣು ಸುರಿಯೋ ಸದ್ದು ಕೇಳ್ತಿತ್ತಲ್ಲ?"

"ಅದು ಪಕ್ಕದ ಲೇಔಟಿಗೆ, ಅಪ್ಪ."

ಮುದುಕ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ನಿಮ್ಮವ್ವ ಇಲ್ಲೇ ಇರಿ ಅಂತಾಳೆ ಅಂದ್ಕೊಂಡಿದ್ದೆ ಕಣವ್ವ. ಹೋಗ್ಲಿ ಬಿಡು. ಅವಳೇ ಹೊರಡಿ ಅಂದ್ಮೇಲೆ ಇನ್ನೇನು."

ಮೆಜೆಸ್ಟಿಕ್ ಬಸ್ಸು ಬಂತು. ಮಗಳು ಅಪ್ಪನನ್ನು ಮೊದಲು ಹತ್ತಿಸಿ, ತಾನು ಹತ್ತಲು ಕಂಬಿ ಹಿಡಿದಾಗ ಶಾಲು ಜಾರಿತು. ಅವಳ ಸೊಂಟದಲ್ಲಿ ಉದ್ದನೆಯ ಬಿಳಿ ಗರಿಯೊಂದು ಸಿಕ್ಕಿಸಿತ್ತು. ಅದು ನೆನೆದೇ ಇರಲಿಲ್ಲ. ಅದರ ಮೈತುಂಬ ಲಾರಿ ಸುರಿದ ಕೆಂಪು ಮಣ್ಣಿತ್ತು.